ಖೋಲಿ ಎಲ್ಲಿ ಹಿಡಿಯಬೇಕು?

ಯುಗಾದಿಯೋ ಊರ ಜಾತ್ರೆಯೋ ಮೊಹರಮ್ಮೋ ಮುಗಿದ ಮೇಲೆ ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ಬಸ್ ನಿಲ್ದಾಣಗಳಲ್ಲಿ ಸಂಜೆ ಹೊತ್ತು ಕಾಲಿಡಲು ಜಾಗವಿರುವುದಿಲ್ಲ. ಜೋಳದ ಹಿಟ್ಟಿನ ಚೀಲ, ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ಹಾಸಿಗೆಯ ಸುರುಳಿ, ಕಂಕುಳಲ್ಲಿ ಮಗು. ಮಂಗಳೂರಿನ ರಾತ್ರಿ ಬಸ್ಸು ಬಂದು ನಿಂತರೆ ಮೊದಲು ಚೀಲಗಳು ಹತ್ತುತ್ತವೆ, ಆಮೇಲೆ ಜನ. ಹುಬ್ಬಳ್ಳಿ ದಾಟಿ, ಘಟ್ಟ ಇಳಿದು, ಕರಾವಳಿಯ 66ನೇ ಹೆದ್ದಾರಿ ಹಿಡಿದು ಬೆಳಗಾಗುವ ಹೊತ್ತಿಗೆ ಬಸ್ಸು ಸುರತ್ಕಲ್ ಮುಟ್ಟುತ್ತದೆ. ಬಿಜೈಯ ದೊಡ್ಡ ನಿಲ್ದಾಣದವರೆಗೆ ಎಲ್ಲರೂ ಹೋಗುವುದಿಲ್ಲ. ಸುರತ್ಕಲ್, ಬೈಕಂಪಾಡಿ, ಪಣಂಬೂರು, ಕೂಳೂರು, ಕೊಟ್ಟಾರಚೌಕಿ ಎಂದು ಹೆದ್ದಾರಿಯ ಒಂದೊಂದು ನಿಲುಗಡೆಯಲ್ಲೂ ಒಂದಿಷ್ಟು ಜನ ಇಳಿಯುತ್ತಾರೆ.

ಮೊದಲ ಸಲ ಬಂದವರ ಮುಂದೆ ಆಗ ಒಂದೇ ಪ್ರಶ್ನೆ. ಇರುವುದೆಲ್ಲಿ?

ಬೇರೆ ಊರಿಗೆ ಕೆಲಸಕ್ಕೆ ಹೋಗುವವರು ಮನೆ ಹುಡುಕುವ ವಿಷಯ ಬಂದರೆ ಪತ್ರಿಕೆಗಳೂ ಜಾಹೀರಾತುಗಳೂ ಸಂಬಳದವರನ್ನು ಕುರಿತೇ ಮಾತನಾಡುತ್ತವೆ. ಎಷ್ಟು ಬೆಡ್‌ರೂಮು, ಪಾರ್ಕಿಂಗ್ ಇದೆಯೇ, ಹತ್ತಿರ ಯಾವ ಶಾಲೆ. ಗಂಗಾವತಿಯಿಂದ ಬೆಂಗಳೂರಿಗೆ ಹೋಗುವ ಪದವೀಧರ ಹುಡುಗ ಪಿ.ಜಿ. ಹುಡುಕುತ್ತಾನೆ. ಮದುವೆಯಾದ ಮೇಲೆ ಮನೆ ಹುಡುಕುವಾಗ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಬೆಂಗಳೂರಿನ ರೂಢಿಗೆ ದಿಗಿಲುಬೀಳುತ್ತಾನೆ. ಅವನ ಕಷ್ಟವೂ ಕಷ್ಟವೇ. ಆದರೆ ಕೊಪ್ಪಳ ಜಿಲ್ಲೆಯಿಂದ ಗೌಂಡಿ ಕೆಲಸಕ್ಕೆ, ಸೆಂಟ್ರಿಂಗಿಗೆ, ಮಣ್ಣು ಹೊರಲು, ರಸ್ತೆಗೆ ಡಾಂಬರು ಹಾಕಲು ಕಡಲ ದಂಡೆಗೆ ಹೋಗುವ ಕುಟುಂಬ ಮಾಡುವ ಲೆಕ್ಕ ಇದಕ್ಕಿಂತ ಬಹಳ ಸೂಕ್ಷ್ಮವಾದದ್ದು. ಅಲ್ಲಿ ಒಂದು ತಪ್ಪಾದರೆ ಆ ವರ್ಷದ ಗಳಿಕೆಯೇ ಕೈಬಿಡುತ್ತದೆ.

ಈ ಜನ ಊರು ಬಿಡುವುದೇಕೆ ಎಂಬುದನ್ನು ನೆಲವೇ ಹೇಳುತ್ತದೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಇದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕು. ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿಯ ಕಡೆಗೆ ನೀರು ಹರಿಸಿ ಅದನ್ನು ಭತ್ತದ ಕಣಜ ಮಾಡಿತು. ಕುಷ್ಟಗಿ, ಯಲಬುರ್ಗಾ, ಈಚೆಗೆ ತಾಲ್ಲೂಕಾದ ಕುಕನೂರು ಬಹುಪಾಲು ಮಳೆಯನ್ನೇ ನಂಬಿದವು. ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಮಂಗಳೂರಿನಲ್ಲಿ ಅದು 3,500 ಮಿಲಿಮೀಟರನ್ನು ದಾಟುತ್ತದೆ. ಕುಕನೂರು ತಾಲ್ಲೂಕಿನಲ್ಲೂ ಮಂಗಳೂರು ಎಂಬ ಒಂದು ಹಳ್ಳಿಯಿದೆ. ಒಂದೇ ಹೆಸರಿನ ಆ ಎರಡು ಊರುಗಳ ನಡುವಿನ ಅಂತರವನ್ನು ಮೈಲಿಗಿಂತ ಮಳೆಯಲ್ಲಿ ಅಳೆಯುವುದೇ ಸರಿ.

ಈ ಮಳೆಯೇ ವಲಸೆಯ ಕಾಲವನ್ನೂ ಗೊತ್ತುಮಾಡಿದೆ. ಜೂನ್ ಬಂದರೆ ಕರಾವಳಿಯಲ್ಲಿ ಅಡಿಪಾಯ ತೋಡುವ ಕೆಲಸ ನಿಲ್ಲುತ್ತದೆ, ಕಾಂಕ್ರೀಟು ಕುಂಟುತ್ತದೆ. ಅದೇ ಜೂನಿನಲ್ಲಿ ಕುಷ್ಟಗಿಯ ಹೊಲದಲ್ಲಿ ಸಜ್ಜೆ, ತೊಗರಿ, ಶೇಂಗಾ ಬಿತ್ತುವ ಹದ ಬರುತ್ತದೆ. ಎರಡು ಎಕರೆ ಇದ್ದವರು ಊರಿಗೆ ಮರಳಿ ಬಿತ್ತುತ್ತಾರೆ. ಸುಗ್ಗಿ ಮುಗಿಸಿ, ಕೆಲವರು ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಮುಗಿಸಿ, ಮತ್ತೆ ಘಟ್ಟ ಇಳಿಯುತ್ತಾರೆ. ಹೀಗೆ ವರ್ಷವನ್ನು ಎರಡು ಊರಿಗೆ ಹಂಚಿಕೊಂಡವರಿಗೆ ಬಾಡಿಗೆಯ ಲೆಕ್ಕ ಬೇರೆಯೇ ಆಗುತ್ತದೆ. ಊರಿನಲ್ಲಿರುವ ಮೂರು ನಾಲ್ಕು ತಿಂಗಳು ಬೀಗ ಹಾಕಿದ ಖೋಲಿಗೆ ದುಡ್ಡು ಕಟ್ಟಬೇಕೇ? ಬಿಟ್ಟುಹೋದರೆ ತಿರುಗಿ ಬಂದಾಗ ಅದು ಸಿಗುತ್ತದೆಯೇ? ಪಾತ್ರೆ, ಸಿಲಿಂಡರು, ಮಗುವಿನ ಪುಸ್ತಕ ಎಲ್ಲಿಡಬೇಕು? ಇಷ್ಟು ಪ್ರಶ್ನೆಗಳಿಗೆ ಸುಲಭವಾದ ಉತ್ತರವೆಂದು ಬಹಳ ಜನ ಆರಿಸಿಕೊಳ್ಳುವುದು ಕಟ್ಟಡದ ಪಕ್ಕದ ತಗಡಿನ ಶೆಡ್ಡನ್ನು.

ಶೆಡ್ಡಿಗೆ ಬಾಡಿಗೆಯಿಲ್ಲ, ಬಸ್ ಖರ್ಚಿಲ್ಲ. ಕೆಲಸ ಮುಗಿದ ಕೂಡಲೇ ಒಲೆ ಹಚ್ಚಬಹುದು. ಮೇಸ್ತ್ರಿಗೂ ಅದೇ ಬೇಕು, ಆಳು ಕೈಗೆ ಸಿಗುವ ಹಾಗಿರುತ್ತಾರೆ, ರಾತ್ರಿ ಸಿಮೆಂಟು ಕಬ್ಬಿಣಕ್ಕೆ ಕಾವಲೂ ಆಗುತ್ತದೆ. ಗಂಡಸರು ನಾಲ್ಕೈದು ಮಂದಿ ಸೇರಿ ಎರಡು ತಿಂಗಳ ಮಟ್ಟಿಗೆ ಬಂದಿದ್ದರೆ ಶೆಡ್ಡು ನಡೆಯುತ್ತದೆ ಎನ್ನಬಹುದು. ಹೆಂಡತಿ ಮಕ್ಕಳೊಡನೆ ಬಂದವರಿಗೆ ಅದು ತಕ್ಕ ಜಾಗವಲ್ಲ. ತಗಡಿನ ಕೆಳಗೆ ಏಪ್ರಿಲ್ ತಿಂಗಳ ಕರಾವಳಿಯ ಬೇಗೆ, ತೆರೆದಿಟ್ಟ ಲಿಫ್ಟ್ ಗುಂಡಿ, ನೀರಿನ ತೊಟ್ಟಿ, ನೇತಾಡುವ ತಂತಿ. ಮಕ್ಕಳ ಆಟದ ಬಯಲು ಅದೇ ಆಗಿಬಿಡುತ್ತದೆ. ಬಚ್ಚಲು ಬಯಲೇ ಆದರೆ ಹೆಣ್ಣುಮಕ್ಕಳು ಕತ್ತಲಾಗಲಿ ಎಂದು ಕಾಯಬೇಕು. ಕಟ್ಟಡ ಮುಗಿದ ದಿನ ಮನೆಯೂ ಮುಗಿಯುತ್ತದೆ. ಆರು ತಿಂಗಳಿಗೊಮ್ಮೆ ನೆಲೆ ಬದಲಾಗುವ ಮಗುವಿಗೆ ಶಾಲೆ ಎಂಬುದು ಹಾಜರಿ ಪುಸ್ತಕದ ಹೆಸರಾಗಿ ಮಾತ್ರ ಉಳಿಯುತ್ತದೆ.

ಈ ಶೆಡ್ಡು ಹೇಗಿರಬೇಕೆಂದು ಕಾನೂನು ಹೇಳದೆ ಬಿಟ್ಟಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಸಬೇಕು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕೇಂದ್ರದ ಕಾಯ್ದೆ, ಕೆಲಸದ ಜಾಗದಲ್ಲೋ ಅದರ ಹತ್ತಿರವೋ ಮಾಲೀಕನು ಬಾಡಿಗೆಯಿಲ್ಲದೆ ತಾತ್ಕಾಲಿಕ ವಸತಿ ಒದಗಿಸಬೇಕು, ಅದರಲ್ಲಿ ಅಡುಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯಲು, ಶೌಚಕ್ಕೆ ಪ್ರತ್ಯೇಕ ಏರ್ಪಾಟಿರಬೇಕು ಎಂದು ಸ್ಪಷ್ಟವಾಗಿ ಬರೆದಿತ್ತು. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಕೂಸುಗಳಿಗೊಂದು ಕೋಣೆಯನ್ನೂ ಅದು ಕೇಳಿತ್ತು. ತಗಡು ಹೊದಿಸಿ, ದೂರದಲ್ಲೊಂದು ಗುಂಡಿ ತೋಡಿ ಕೊಟ್ಟವನು ಉಪಕಾರವನ್ನೇನೂ ಮಾಡಿಲ್ಲ. ಕೊಡಬೇಕಾದ್ದನ್ನು ಅರ್ಧ ಕೊಟ್ಟಿದ್ದಾನೆ ಅಷ್ಟೆ.

ಕಾನೂನಿನಲ್ಲಿ ಇನ್ನೊಂದು ದೊಡ್ಡ ಬಿರುಕಿದೆ, ಕೊಪ್ಪಳದವರಿಗೆ ಅದು ನೇರವಾಗಿ ತಟ್ಟುತ್ತದೆ. ವಲಸೆ ಕಾರ್ಮಿಕರಿಗೆ ಪ್ರಯಾಣಭತ್ಯೆ, ವಸತಿ ಸಿಗಬೇಕೆಂದ 1979ರ ಕಾಯ್ದೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಅದರ ಜಾಗದಲ್ಲಿ ತಂದ 2020ರ ಕಾರ್ಮಿಕ ಸಂಹಿತೆಯೂ ವಲಸಿಗ ಎಂದು ಕರೆಯುವುದು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದವರನ್ನೇ. ಕುಷ್ಟಗಿಯವನು ಗೋವಾಕ್ಕೆ ಹೋದರೆ ವಲಸೆ ಕಾರ್ಮಿಕ. ಗೋವಾಕ್ಕಿಂತಲೂ ದೂರದ ಮಂಗಳೂರಿಗೆ ಹೋದರೆ ಆ ಹೆಸರೂ ಇಲ್ಲ, ಹೆಸರಿನ ಜೊತೆ ಬರುವ ಹಕ್ಕೂ ಇಲ್ಲ. ಒಂದೇ ರಾಜ್ಯದೊಳಗೆ ಇಷ್ಟು ದೂರ ದುಡಿಯಲು ಹೋಗುವವರನ್ನು ಕಾನೂನು ಕಾಣದಿರುವುದು ಅನ್ಯಾಯ. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಈ ಬಿರುಕು ಮುಚ್ಚಲು ದೆಹಲಿಯ ಕಡೆ ನೋಡಬೇಕಾಗಿಲ್ಲ.

ಶೆಡ್ಡು ಬೇಡವೆಂದವರು ಲೈನ್ ಮನೆಗಳ ಕಡೆ ಹೋಗುತ್ತಾರೆ. ಒಂದು ಗೋಡೆಗೆ ಇನ್ನೊಂದು ಅಂಟಿಕೊಂಡ ಒಂಟಿ ಕೋಣೆಗಳು, ಮುಂದೆ ಉದ್ದಕ್ಕೆ ಜಗಲಿ, ಕೊನೆಗೆ ಎಲ್ಲರಿಗೂ ಸೇರಿ ಒಂದೋ ಎರಡೋ ಶೌಚಾಲಯ. ಕೂಳೂರು, ಕಾವೂರು, ಸುರತ್ಕಲ್, ತೊಕ್ಕೊಟ್ಟು ಸುತ್ತ ಇಂಥವು ಸಿಗುತ್ತವೆ. ಕರಾವಳಿಯವರು ಬಾಡಿಗೆ ಮನೆಯನ್ನು ಬಿಡಾರ ಎನ್ನುತ್ತಾರೆ, ಬಯಲುಸೀಮೆಯವರಿಗೆ ಅದು ಖೋಲಿ.

ಖೋಲಿ ಹಿಡಿಯುವಾಗ ಬಾಡಿಗೆ ಎಷ್ಟೆಂದು ಮೊದಲು ಕೇಳುವುದು ಸಹಜ. ಆದರೆ ಹಲವು ವರ್ಷ ಹೋಗಿ ಬಂದವರು ಮೊದಲು ಕೇಳುವುದು, ಬೆಳಿಗ್ಗೆ ಆಳು ಕರೆಯುವ ಜಾಗಕ್ಕೆ ಇಲ್ಲಿಂದ ಎಷ್ಟು ದೂರ ಎಂದು. ದಿನಗೂಲಿಯವರಿಗೆ ಕೆಲಸ ಸಿಗುವುದು ಹೆದ್ದಾರಿಯ ಬದಿಯಲ್ಲಿ, ಜಂಕ್ಷನ್ನಿನಲ್ಲಿ, ಬೆಳಗಿನ ಒಂದು ಒಂದೂವರೆ ಗಂಟೆಯ ಅವಧಿಯಲ್ಲಿ. ಆ ಹೊತ್ತು ತಪ್ಪಿದರೆ ದಿನವೇ ತಪ್ಪಿತು. ಬಾಡಿಗೆ ಸಾವಿರ ರೂಪಾಯಿ ಕಡಿಮೆ ಎಂದು ಊರಾಚೆ ಗುಡ್ಡದ ಮೇಲೆ ಖೋಲಿ ಹಿಡಿದರೆಂದುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ದುಡಿಯುವವರು, ಒಬ್ಬರಿಗೆ ಹೋಗಿ ಬರಲು 40 ರೂಪಾಯಿ, ತಿಂಗಳಿಗೆ 25 ದಿನ. ಎರಡು ಸಾವಿರ ಬಸ್ಸಿಗೇ ಹೋಯಿತು. ಮೊದಲ ಬಸ್ಸು ತಡವಾಗಿ ಎರಡು ದಿನದ ಕೂಲಿ ತಪ್ಪಿದರೆ ಅಗ್ಗದ ಖೋಲಿ ಇನ್ನಷ್ಟು ತುಟ್ಟಿ.

ಬಸ್ಸಿನ ವಿಷಯದಲ್ಲಿ ಮಂಗಳೂರಿಗೆ ಅದರದೇ ಒಂದು ಗುಣವಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದೆ ಓಡಾಡುತ್ತಾರೆ. ಯಲಬುರ್ಗಾದಿಂದ ಮಂಗಳೂರಿನವರೆಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡು ಕೊಡದೆ ಬಂದ ಹೆಂಗಸು, ನಗರದೊಳಗೆ ಕೆಲಸಕ್ಕೆ ಹೋಗಲು ದಿನವೂ ದುಡ್ಡು ಕೊಡಬೇಕಾಗುತ್ತದೆ. ಅಲ್ಲಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು. ಸರ್ಕಾರಿ ಬಸ್ಸು ಓಡುವ ದಾರಿಗಳು ಕೆಲವೇ. ಮನೆಗೆಲಸಕ್ಕೆ, ಗಾರೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಖೋಲಿ ನೋಡುವಾಗ ಆ ದಾರಿಯಲ್ಲಿ ಸರ್ಕಾರಿ ಬಸ್ಸು ಇದೆಯೇ ಎಂದು ವಿಚಾರಿಸುವುದು ಒಳ್ಳೆಯದು. ತಿಂಗಳ ಕೊನೆಗೆ ಅದು ಒಂದು ಚೀಲ ಜೋಳದ ಬೆಲೆಯಷ್ಟು ಉಳಿಸೀತು.

ಒಣನೆಲದಿಂದ ಬಂದವರಿಗೆ ಕರಾವಳಿಯ ಮಳೆಯ ಅಂದಾಜು ಇರುವುದಿಲ್ಲ. ಜನವರಿಯಲ್ಲಿ ಖೋಲಿ ನೋಡಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಮಳೆ ಬಂದಾಗಿನ ಮಾತು ಬೇರೆ. 2018ರ ಮೇ 29ರಂದು ಒಂದೇ ದಿನದ ಮಳೆಗೆ ಕೊಟ್ಟಾರಚೌಕಿಯೂ ಸೇರಿ ನಗರದ ತಗ್ಗು ಪ್ರದೇಶಗಳು ಮುಳುಗಿದವು, ಮನೆಗಳಿಗೆ ನೀರು ನುಗ್ಗಿತು. 2024ರ ಜೂನ್ 26ರ ಬೆಳಗಿನ ಜಾವ ಉಳ್ಳಾಲದ ಬಳಿ ಕುತ್ತಾರಿನ ಮದನಿನಗರದಲ್ಲಿ ಪಕ್ಕದ ಮನೆಯ ಕಾಂಪೌಂಡ್ ಗೋಡೆ ಕುಸಿದು, ಮಲಗಿದ್ದ ಒಂದೇ ಕುಟುಂಬದ ನಾಲ್ವರು ಸತ್ತರು. ಮಂಗಳೂರು ಗುಡ್ಡಗಳ ಊರು. ಗುಡ್ಡ ಕಡಿದು ಮಟ್ಟ ಮಾಡಿ ಕಟ್ಟಿದ ಮನೆಗಳ ಹಿಂದೆ ಕೆಂಪು ಮಣ್ಣಿನ ಕಡಿದಾದ ದರೆ ನಿಂತಿರುತ್ತದೆ, ಅದಕ್ಕೆ ಕೊಟ್ಟ ಗೋಡೆ ಎಷ್ಟು ಗಟ್ಟಿಯೋ ತಿಳಿಯುವುದು ಮಳೆಯಲ್ಲೇ. ಖೋಲಿಯ ಒಳಗನ್ನು ನೋಡಿದವರು ಹಿತ್ತಿಲನ್ನೂ ನೋಡಬೇಕು. ದರೆಗೆ ತಾಗಿದ ಕೋಣೆ ಎಷ್ಟೇ ಅಗ್ಗವಿದ್ದರೂ ಬೇಡ.

ಇಷ್ಟು ಮಳೆಯ ಊರಿನಲ್ಲೂ ಬೇಸಗೆಯಲ್ಲಿ ನೀರಿನ ಚಿಂತೆ ತಪ್ಪಿದ್ದಲ್ಲ. ನಗರಕ್ಕೆ ನೀರು ಬರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. 2019ರ ಬೇಸಗೆಯಲ್ಲಿ ಅಲ್ಲಿ ನೀರಿಳಿದು ನಗರದಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. ಏಪ್ರಿಲ್, ಮೇ ತಿಂಗಳು ಕಟ್ಟಡ ಕೆಲಸ ತುರುಸಿನಲ್ಲಿರುವ ಕಾಲ. ಆಗಲೇ ನೀರು ಕಡಿಮೆ. ಹಾಗಾಗಿ ಬಾವಿ ಇರುವ ಹಿತ್ತಿಲಿನ ಖೋಲಿಗೆ ಇನ್ನೂರು ಮುನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ ಎಂಬ ತಿಳಿವಳಿಕೆ ಹಳಬರಲ್ಲಿದೆ.

ಇವೆಲ್ಲಕ್ಕಿಂತ ಗಟ್ಟಿಯಾದ ಇನ್ನೊಂದು ಸೆಳೆತವಿದೆ. ನಮ್ಮೂರವರು ಎಲ್ಲಿದ್ದಾರೆ? ಒಂದು ಹಳ್ಳಿಯ ಒಬ್ಬ ಗೌಂಡಿ ಕೂಳೂರಿನಲ್ಲಿ ನೆಲೆಯೂರಿದರೆ ಅವನ ಅಳಿಯ, ಅಣ್ಣನ ಮಕ್ಕಳು, ಓಣಿಯವರು ಅಲ್ಲಿಗೇ ಬರುತ್ತಾರೆ. ಹೊರಗಿನವರಿಗೆ ಇದು ಹೊಸ ಊರಿಗೆ ಹೊಂದಿಕೊಳ್ಳಲಾರದ ಹಿಂಜರಿಕೆಯಂತೆ ಕಾಣಬಹುದು. ಅದು ಸರಿಯಲ್ಲ. ಜಾಮೀನು ಹೇಳುವವರು, ಕೂಲಿ ಬಾಕಿ ಉಳಿಸಿಕೊಂಡ ಮೇಸ್ತ್ರಿಯನ್ನು ಹತ್ತು ಜನ ಸೇರಿ ಕೇಳುವವರು, ಜ್ವರ ಬಂದಾಗ ವೆನ್‌ಲಾಕ್ ಆಸ್ಪತ್ರೆಗೆ ಕರೆದೊಯ್ಯುವವರು, ಹೆರಿಗೆಗೆ ಲೇಡಿಗೋಶನ್ ಆಸ್ಪತ್ರೆಯಲ್ಲಿ ರಾತ್ರಿ ಕಾಯುವವರು ಅವರೇ. ಬ್ಯಾಂಕಿನಲ್ಲಿ ದುಡ್ಡಿಲ್ಲದವರಿಗೆ ನೆಂಟಸ್ತಿಕೆಯೇ ವಿಮೆ. ಅದನ್ನು ಬಿಟ್ಟು ಅಗ್ಗದ ಒಂಟಿ ಖೋಲಿಗೆ ಹೋಗೆಂದು ಯಾರೂ ಹೇಳಬಾರದು.

ಮಂಗಳೂರಿನವರಿಗೆ ಇದು ತಿಳಿಯದ ಸಂಗತಿಯೂ ಅಲ್ಲ. ಅವರ ಹಿರಿಯರು ಮುಂಬಯಿಗೆ ಹೋದದ್ದು ಹೀಗೆಯೇ. ಬಂದರಿನಿಂದ ಹಡಗು ಹತ್ತಿ ಹೋದ ಹುಡುಗರು ಊರಿನವರ ಹೋಟೆಲಿನಲ್ಲಿ ಲೋಟ ತೊಳೆದು, ಗಿರಾಕಿಗಳು ಹೋದ ಮೇಲೆ ಅಲ್ಲೇ ಮಲಗಿ, ಕನ್ನಡದ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದರು. ಕರಾವಳಿಯ ಮೊಗವೀರ ಸಮುದಾಯದವರು 1902ರಲ್ಲೇ ಮುಂಬಯಿಯಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು. ಗೋವಾದ ಹಳ್ಳಿಗಳವರು ಅದೇ ನಗರದಲ್ಲಿ ಊರಿಗೊಂದು ಕೂಡು ಮನೆ ಮಾಡಿಕೊಂಡು, ಹಡಗಿನ ಕೆಲಸಕ್ಕೆ ಬರುವ ತಮ್ಮ ಹುಡುಗರಿಗೆ ಮಂಚವೊಂದು, ಪೆಟ್ಟಿಗೆಯಿಡಲು ಜಾಗವೊಂದು ಕೊಟ್ಟರು. ಅಂಥ ನೆನಪುಳ್ಳ ಊರಿನಲ್ಲಿ ಘಟ್ಟದ ಮೇಲಿನವರಿಗೆ ಮನೆ ಕೊಡುವುದಿಲ್ಲ ಎಂಬ ಮಾತು ಕೇಳಿದರೆ ನೋವಾಗುತ್ತದೆ. ಹಾಗೆ ಹೇಳದೆ ಬಾಗಿಲು ತೆರೆದವರೂ ಬೇಕಾದಷ್ಟಿದ್ದಾರೆ. ತುಳು ಕಲಿತು, ಮಕ್ಕಳನ್ನು ಅಲ್ಲೇ ಓದಿಸಿ, ರೊಟ್ಟಿ ಖಾನಾವಳಿ ಇಟ್ಟು ನೆಲೆಯಾದ ಬಯಲುಸೀಮೆಯವರು ಅದಕ್ಕೆ ಸಾಕ್ಷಿ.

ಮಕ್ಕಳ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ಮಂಗಳೂರಿನ ಹಲವು ಸರ್ಕಾರಿ ಕನ್ನಡ ಶಾಲೆಗಳು ಇಂದು ಬಾಗಿಲು ತೆರೆದಿರುವುದು ಬಹುಮಟ್ಟಿಗೆ ಬಾಗಲಕೋಟೆ, ಗದಗ, ಕೊಪ್ಪಳ ಕಡೆಯ ಕೂಲಿಕಾರರ ಮಕ್ಕಳಿಂದ. ಖೋಲಿ ಹಿಡಿಯುವ ಮೊದಲು ನಡೆದುಹೋಗುವ ದೂರದಲ್ಲಿ ಅಂಥ ಶಾಲೆಯಿದೆಯೇ ನೋಡಬೇಕು. ವರ್ಗಾವಣೆ ಪತ್ರ ತಡವಾದರೂ ಮಗುವನ್ನು ಸೇರಿಸಿಕೊಳ್ಳಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಊರಿನ ಪಡಿತರ ಚೀಟಿಗೆ ಮಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳೊತ್ತಿ ಅಕ್ಕಿ ಪಡೆಯಬಹುದು. ಬಾಡಿಗೆ ಕರಾರು ಬರೆಸುವವರು ಸಾಮಾನ್ಯವಾಗಿ 11 ತಿಂಗಳಿಗೆ ಬರೆಸುತ್ತಾರೆ, ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ ಎಂಬುದು ಅದಕ್ಕೆ ಕಾರಣ. ಕರಾರು ಇಲ್ಲದಿದ್ದರೂ ಮುಂಗಡ ಕೊಟ್ಟದ್ದಕ್ಕೆ ಒಂದು ಚೀಟಿ ಬರೆಸಿಕೊಳ್ಳುವುದು, ಫೋನಿನ ಮೂಲಕ ಹಣ ಹಾಕುವುದು ಕ್ಷೇಮ.

ನಗರದಲ್ಲಿ ಒಂದು ನೆಲೆ ಇದ್ದವರಿಗೂ ಇಲ್ಲದವರಿಗೂ ಎಷ್ಟು ಅಂತರ ಎಂಬುದು 2020ರಲ್ಲಿ ಎಲ್ಲರಿಗೂ ಕಂಡಿತು. ಲಾಕ್‌ಡೌನ್ ಬಿದ್ದಾಗ ಕೆಲಸವೂ ಶೆಡ್ಡೂ ಒಟ್ಟಿಗೆ ಮುಚ್ಚಿದವು. ಮೇ ತಿಂಗಳ ಮೊದಲ ವಾರ ಸರ್ಕಾರ ಉಚಿತ ಬಸ್ಸು ಬಿಡುವವರೆಗೆ ಸಾವಿರಾರು ಜನ ದಾರಿ ಕಾಯ್ದರು. ಆ ಸಂಕಟದ ಬೆನ್ನಲ್ಲೇ, ಅದೇ ವರ್ಷದ ಜುಲೈಯಲ್ಲಿ ಕೇಂದ್ರ ಸರ್ಕಾರ ನಗರಗಳಲ್ಲಿ ಕಡಿಮೆ ಬಾಡಿಗೆಯ ವಸತಿ ಸಮುಚ್ಚಯಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನೆರೆಯ ಕೇರಳ ಅದಕ್ಕೂ ಮೊದಲೇ, 2019ರಲ್ಲಿ ಪಾಲಕ್ಕಾಡಿನ ಕಂಜಿಕೋಡಿನಲ್ಲಿ ಹೊರಗಿನಿಂದ ಬಂದ ಕಾರ್ಮಿಕರಿಗಾಗಿ ‘ಅಪ್ನಾ ಘರ್’ ಎಂಬ ವಸತಿಗೃಹ ತೆರೆದಿತ್ತು. ತಮಿಳುನಾಡು 2024ರ ಆಗಸ್ಟಿನಲ್ಲಿ ಶ್ರೀಪೆರಂಬದೂರಿನ ಬಳಿ ಕಾರ್ಖಾನೆಯ ಹೆಣ್ಣುಮಕ್ಕಳಿಗಾಗಿ 18,720 ಮಂದಿ ಇರಬಹುದಾದ ವಸತಿಯನ್ನೇ ಕಟ್ಟಿತು. ಅಲ್ಲಿ ಆದದ್ದು ಇಲ್ಲೂ ಆಗಬಹುದು.

ಮಂಗಳೂರಿನಲ್ಲಿ ಬಂದರು, ತೈಲಾಗಾರ, ಗೊಬ್ಬರದ ಕಾರ್ಖಾನೆ, ಬೈಕಂಪಾಡಿಯ ಕೈಗಾರಿಕಾ ಪ್ರದೇಶ ಎಲ್ಲವೂ ಹೆದ್ದಾರಿಯ ಒಂದೇ ಸಾಲಿನಲ್ಲಿವೆ. ಕೊಪ್ಪಳದ ಜನ ಬಸ್ಸಿಳಿಯುವುದೂ ಅದೇ ಸಾಲಿನಲ್ಲಿ. ಇತ್ತ ದಾರಿಗಳೂ ಹೆಚ್ಚಿವೆ. 2019ರಿಂದ ವಿಜಯಪುರ–ಮಂಗಳೂರು ರೈಲು ಗದಗದ ಮೇಲೆ ಓಡುತ್ತಿದೆ, 2025ರ ಮೇ ತಿಂಗಳಲ್ಲಿ ಕುಷ್ಟಗಿಗೇ ರೈಲು ಬಂತು. ಕುಕನೂರು ಬಳಿಯ ಭಾನಾಪುರದ ಆಟಿಕೆ ಕಾರ್ಖಾನೆಯಂಥವು ಊರ ಹತ್ತಿರವೇ ಒಂದಿಷ್ಟು ಕೆಲಸ ಕೊಟ್ಟಾವು. ಆದರೂ ಕಡಲ ಕಡೆಗಿನ ಹೋಗುಬರವು ನಾಳೆಗೇ ನಿಲ್ಲುವಂಥದ್ದಲ್ಲ.

ಆದ್ದರಿಂದ ದಕ್ಷಿಣ ಕನ್ನಡ ಜಿಲ್ಲಾಡಳಿತಕ್ಕೆ, ಮಂಗಳೂರು ಮಹಾನಗರ ಪಾಲಿಕೆಗೆ, ಕಾರ್ಮಿಕ ಇಲಾಖೆಗೆ ಒಂದು ಕೇಳಿಕೆ. ಸುರತ್ಕಲ್ಲಿನಿಂದ ಕೂಳೂರಿನವರೆಗಿನ ಸಾಲಿನಲ್ಲಿ ಎಲ್ಲಾದರೂ, ವಾರಕ್ಕೂ ತಿಂಗಳಿಗೂ ಬಾಡಿಗೆ ಕಟ್ಟಿ ಇರಬಹುದಾದ, ಕುಟುಂಬಗಳಿಗೆ ಬೇರೆ ಕೋಣೆಯಿರುವ, ಊರಿಗೆ ಹೋದಾಗ ಸಾಮಾನು ಬೀಗ ಹಾಕಿಡಲು ಜಾಗವಿರುವ ಒಂದು ವಸತಿಗೃಹ ಕಟ್ಟಿಸಿ. ಕಟ್ಟಡ ಕಟ್ಟುವವರಿಂದ ವಸೂಲಾಗುವ ಸುಂಕದ ನಿಧಿ ಕಾರ್ಮಿಕ ಮಂಡಳಿಯಲ್ಲಿದೆ, ಅದು ಈ ಜನರಿಗೆಂದೇ ಕೂಡಿಟ್ಟ ಹಣ. ಕೊಪ್ಪಳ ಜಿಲ್ಲೆಯ ಶಾಸಕರೂ ಇದನ್ನು ತಮ್ಮ ಕ್ಷೇತ್ರದ ಕೆಲಸವೆಂದೇ ತಿಳಿದು ವಿಧಾನಸಭೆಯಲ್ಲಿ ಕೇಳಲಿ, ಏಕೆಂದರೆ ಅಲ್ಲಿ ಮಲಗುವವರು ಅವರ ಮತದಾರರು. ಈ ಹಂಗಾಮಿಗೆ ಬಸ್ಸು ಹತ್ತಲಿರುವವರು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಾರ್ಮಿಕ ಮಂಡಳಿಯ ನೋಂದಣಿ ಚೀಟಿ ಮಾಡಿಸಿಕೊಳ್ಳಿ. ಖೋಲಿಗೆ ಮುಂಗಡ ಕೊಡುವ ಮೊದಲು ಹೆಂಡತಿಯನ್ನೂ ಕರೆದುಕೊಂಡು ಹೋಗಿ ನೀರು, ಶೌಚಾಲಯ, ಹಿಂದಿನ ದರೆ ಮೂರನ್ನೂ ಹಗಲಿನಲ್ಲೇ ನೋಡಿ.